ಮನೆಯ ಆರೋಗ್ಯ: ಸಂಧಿವಾತದ ಅಳತೆ

ಕಳೆದ ತಿಂಗಳು ವಾಚಕರೊಬ್ಬರು ನಮಗೆ ಕಾಗದ ಬರೆದಿದ್ದರು. ಅವರ ತಾಯಿಯವರಿಗೆ ಏಳೆಂಟು ವರ್ಷಗಳಿಂದ ರುಮಟಾಯ್ಡ್ ಸಂಧಿವಾತ. ಔಷಧೋಪಚಾರವು ಕ್ರಮವಾಗಿ ನಡೆದಿದೆ, ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. ಅಂಕಿ ಇಳಿದಿದೆ; ಬೆರಳುಗಳ ಬಾವೂ ತಗ್ಗಿದೆ. “ಇಷ್ಟಾದರೂ ನಮ್ಮ ತಾಯಿಯವರು ತಮ್ಮಿಂದ ಏನೂ ಆಗದೆಂದೇ ಹೇಳುತ್ತಾರೆ. ನಾವು ಪರೀಕ್ಷೆಯನ್ನು ನಂಬುವುದೋ, ಅವರ ಮಾತನ್ನು ನಂಬುವುದೋ?” ಎಂಬುದು ಅವರ ಪ್ರಶ್ನೆ. ಅದೇ ಕಾಗದದ ಅಂಚಿನಲ್ಲಿ ಬೇರೊಂದು ಕೈಬರಹದಲ್ಲಿ, “ಅತ್ತೆಯವರಿಗೆ ದಿನವೂ ಸೀರೆಯುಡಿಸುವವಳು ನಾನು” ಎಂದು ಒಂದು ಸಾಲಿತ್ತು. ಇಡೀ ಕಾಗದದಲ್ಲಿ ಮುಖ್ಯವಾದ ಸಾಲು ಅದೇ ಎಂದು ನಮಗೆ ತೋರಿತು.

ಎರಡನ್ನೂ ನಂಬತಕ್ಕದ್ದು. ರಕ್ತಪರೀಕ್ಷೆಯು ದೇಹದಲ್ಲಿ ಉರಿಯೂತ ಎಷ್ಟಿದೆಯೆಂಬುದನ್ನು ಸೂಚಿಸುತ್ತದೆಯೇ ಹೊರತು, ಕೈಯನ್ನು ತಲೆಯವರೆಗೆ ಎತ್ತಿ ಬಾಚಿಕೊಳ್ಳಲು ಆಗುವುದೋ ಇಲ್ಲವೋ ಎಂಬುದನ್ನು ಹೇಳಲಾರದು. ಮೊದಲ ವರ್ಷಗಳಲ್ಲಿ ಕೆಟ್ಟುಹೋದ ಕೀಲು, ಉರಿಯೂತ ಶಮನವಾದ ಮಾತ್ರಕ್ಕೆ ಮೊದಲಿನಂತಾಗುವುದಿಲ್ಲ. ವಯಸ್ಸಾದವರ ಮಂಡಿಸವೆತದಲ್ಲಿಯೂ ಹೀಗೆಯೇ: ಎಕ್ಸ್‌ರೇ ಚಿತ್ರದಲ್ಲಿ ಬಹಳ ಸವೆದಂತೆ ಕಂಡ ಮಂಡಿಯವರು ನಡೆದಾಡಿಕೊಂಡಿರುವುದುಂಟು, ಅಲ್ಪ ಸವೆತದವರು ನೋವಿನಿಂದ ನರಳುವುದೂ ಉಂಟು.

ಹಾಗಾದರೆ ರೋಗಿಯ ಬಾಳು ಹೇಗೆ ಸಾಗಿದೆಯೆಂಬುದನ್ನು ಅಳೆಯುವ ಬಗೆ ಯಾವುದು? 1949ರಲ್ಲಿ ಅಮೆರಿಕೆಯ ಸ್ಟೈನ್‌ಬ್ರೋಕರ್ ಮೊದಲಾದ ವೈದ್ಯರು ಸಂಧಿವಾತದ ರೋಗಿಗಳನ್ನು ಕೆಲಸಮಾಡುವ ಶಕ್ತಿಗನುಸಾರವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ವರ್ಗವನ್ನು ನಿರ್ಧರಿಸುತ್ತಿದ್ದವರು ವೈದ್ಯರು. ಒಂದೊಂದು ವರ್ಗವೂ ಬಹು ವಿಶಾಲವಾದುದರಿಂದ, ರೋಗಿಯ ಸ್ಥಿತಿ ಸಾಕಷ್ಟು ಬದಲಾದರೂ ವರ್ಗ ಬದಲಾಗುತ್ತಿರಲಿಲ್ಲ.

1980ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಎಂಬ ವೈದ್ಯರೂ ಅವರ ಸಂಗಡಿಗರೂ ರೋಗಿಯೇ ಉತ್ತರಿಸತಕ್ಕ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಇಪ್ಪತ್ತು ಪ್ರಶ್ನೆಗಳು, ಎಂಟು ಗುಂಪುಗಳು: ಬಟ್ಟೆ ತೊಡುವುದು, ಮೇಲೇಳುವುದು, ಊಟ, ನಡಿಗೆ, ಸ್ನಾನಶೌಚ, ಮೇಲಿನ ವಸ್ತುವಿಗೆ ಕೈಚಾಚುವುದು, ಹಿಡಿತ, ಮನೆಯ ಹಾಗೂ ಹೊರಗಿನ ಕೆಲಸ. ಕಳೆದ ಒಂದು ವಾರದಲ್ಲಿ ಈ ಕೆಲಸ ನಿಮಗೆ ಹೇಗಾಯಿತು ಎಂದು ಕೇಳಲಾಗುತ್ತದೆ. ತೊಂದರೆಯಿಲ್ಲದಿದ್ದರೆ 0, ಸ್ವಲ್ಪ ತೊಂದರೆಗೆ 1, ಬಹಳ ತೊಂದರೆಗೆ 2, ಆಗಲೇ ಇಲ್ಲವೆಂದರೆ 3. ಪ್ರತಿ ಗುಂಪಿನಲ್ಲಿ ಅತಿ ಹೆಚ್ಚಿನ ಅಂಕವನ್ನು ತೆಗೆದುಕೊಂಡು, ಎಂಟನ್ನೂ ಕೂಡಿಸಿ, ಎಂಟರಿಂದ ಭಾಗಿಸತಕ್ಕದ್ದು. ಎಲ್ಲ ಸೇರಿ 12 ಬಂದರೆ ಫಲ 1.5.

ಇದರಲ್ಲಿ ನಮಗೆ ಬಹಳ ಮೆಚ್ಚುಗೆಯಾದ ಒಂದು ನಿಯಮವಿದೆ. ಊರುಗೋಲು ಮುಂತಾದ ಸಾಧನದಿಂದಲೋ, ಇನ್ನೊಬ್ಬರ ನೆರವಿನಿಂದಲೋ ಕೆಲಸ ಸಾಗುತ್ತಿದ್ದರೆ, ರೋಗಿಯು 0 ಅಥವಾ 1 ಎಂದು ಹೇಳಿದ್ದರೂ ಆ ಗುಂಪಿನ ಅಂಕವನ್ನು 2ಕ್ಕೆ ಏರಿಸಬೇಕು. “ಸೀರೆಯುಡಲು ಅಷ್ಟೇನೂ ಕಷ್ಟವಿಲ್ಲ” ಎಂದು ಅತ್ತೆಯವರು ಹೇಳಬಹುದು. ಉಡಿಸುವ ಸೊಸೆಯ ಕೈಗಳು ಲೆಕ್ಕಕ್ಕೆ ಬರುವುದು ಇಲ್ಲಿ. ಮೊತ್ತದಲ್ಲಿ 0.2ರಷ್ಟು ವ್ಯತ್ಯಾಸವಾದರೂ ಅದು ರೋಗಿಯ ಅನುಭವಕ್ಕೆ ಬರುವಂಥದೆಂದು ತಿಳಿದವರ ಅಭಿಪ್ರಾಯ.

ಆದರೆ ಪ್ರಶ್ನೆಗಳು ಹುಟ್ಟಿದ ದೇಶದವು. ಹಾಲಿನ ರಟ್ಟಿನ ಡಬ್ಬ ತೆರೆಯುವುದು, ಮಾಂಸ ಕತ್ತರಿಸುವುದು, ತೊಟ್ಟಿಯೊಳಗೆ ಕುಳಿತು ಸ್ನಾನಮಾಡುವುದು! ನಮ್ಮ ಅಜ್ಜಿಯಂದಿರನ್ನು ಇವನ್ನು ಕೇಳಿದರೆ ಬರುವ ಉತ್ತರದಿಂದ ಯಾರಿಗೆ ಪ್ರಯೋಜನ? ಆದಕಾರಣ ದೆಹಲಿಯ ಎ. ಕುಮಾರ್, ಎ. ಎನ್. ಮಾಳವೀಯ ಮೊದಲಾದ ವೈದ್ಯರು ಹನ್ನೆರಡು ಪ್ರಶ್ನೆಗಳ ಭಾರತೀಯ ರೂಪವೊಂದನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಸೀರೆಯನ್ನೋ ಪಂಚೆಯನ್ನೋ ಉಡುವುದು, ಶೌಚಕ್ಕೆ ಕುಕ್ಕುರುಗಾಲಿನಲ್ಲಿ ಕೂರುವುದು ಅಥವಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು, ನಲ್ಲಿ ತಿರುಗಿಸುವುದು, ಆಟೋರಿಕ್ಷಾ ಹತ್ತಿಳಿಯುವುದು, ತರಕಾರಿಪೇಟೆಗೆ ಹೋಗಿಬರುವುದು ಇವೆಲ್ಲ ಅದರಲ್ಲಿ ಸೇರಿವೆ. ಮಂಡಿ ಮತ್ತು ಸೊಂಟದ ಕೀಲುಸವೆತಕ್ಕೆ ವೊಮ್ಯಾಕ್ ಎಂಬ ಇಪ್ಪತ್ತನಾಲ್ಕು ಪ್ರಶ್ನೆಗಳ ಬೇರೆ ಅಳತೆಯುಂಟು. ಮನಸ್ಸಿನ ಕುಗ್ಗು, ಕಳವಳಗಳನ್ನು ಫ್ರೈಸರ ಎಂಟು ಗುಂಪುಗಳು ಕೇಳುವುದಿಲ್ಲ. ಇದು ಸಣ್ಣ ಕೊರತೆಯಲ್ಲ. ಸಂಧಿವಾತದವರಲ್ಲಿ ಖಿನ್ನತೆ ಸಾಮಾನ್ಯ. ಎಸ್.ಎಫ್.-36, ಇ.ಕ್ಯು.-5ಡಿ ಎಂಬ ಪ್ರಶ್ನಾವಳಿಗಳು ಅದನ್ನೂ ವಿಚಾರಿಸುತ್ತವೆ.

ಯಾವ ಪ್ರಶ್ನಾವಳಿಯಾದರೂ ಒಂದು ಎಚ್ಚರ ಬೇಕು. ನಮ್ಮ ಸೋದರತ್ತೆಯವರನ್ನು ಒಮ್ಮೆ, “ರಂಗೋಲಿ ಹಾಕಲು ಕಷ್ಟವೇ, ಅತ್ತೆ?” ಎಂದು ಕೇಳಿದೆವು. “ಏನೂ ಇಲ್ಲಪ್ಪ” ಎಂದರು. ಅವರು ರಂಗೋಲಿ ಹಾಕಿ ಮೂರು ವರ್ಷಗಳಾಗಿದ್ದವು. ಆ ಕೆಲಸ ಎಂದೋ ಮೊಮ್ಮಗಳ ಪಾಲಿಗೆ ಹೋಗಿತ್ತು. ಬಿಟ್ಟುಬಿಟ್ಟ ಕೆಲಸದಲ್ಲಿ ಕಷ್ಟ ತೋರದು. ಆದುದರಿಂದ “ಕಷ್ಟವೇ?” ಎಂಬುದರ ಜೊತೆಗೆ “ಈಗ ಅದನ್ನು ಮಾಡುವವರಾರು?” ಎಂದೂ ಕೇಳತಕ್ಕದ್ದು.

ಕಾಗದ ಬರೆದ ಮಹನೀಯರಿಗೆ ನಮ್ಮ ಸೂಚನೆ ಇಷ್ಟೆ. ಉರಿಯೂತ ಇಳಿದಿದ್ದೂ ಕೆಲಸ ಸಾಗದಿದ್ದರೆ, ಔಷಧವನ್ನು ಹೆಚ್ಚಿಸುವುದೊಂದೇ ದಾರಿಯಲ್ಲ. ಕೈಗಳ ವ್ಯಾಯಾಮ, ಮಣಿಕಟ್ಟಿನ ಆಧಾರಪಟ್ಟಿ, ಮನಸ್ಸಿಗೆ ಚಿಕಿತ್ಸೆ, ಕೆಲವರಿಗೆ ಕೀಲಿನ ಶಸ್ತ್ರಚಿಕಿತ್ಸೆ ಇವುಗಳನ್ನು ವೈದ್ಯರು ಯೋಚಿಸಬೇಕಾದೀತು. ಅವರಿಗೆ ಇದು ತಿಳಿಯಬೇಕಾದರೆ ಮನೆಯಿಂದಲೇ ವರದಿ ಹೋಗಬೇಕು. ಒಂದು ನೋಟುಪುಸ್ತಕದಲ್ಲಿ ತಿಂಗಳಿಗೊಮ್ಮೆ ಬರೆದಿಡಿರಿ: ಬೆಳಿಗ್ಗೆ ಕೀಲುಗಳ ಬಿಗಿತ ಎಷ್ಟು ಹೊತ್ತು ಇತ್ತು, ಸೀರೆ, ಬಾಚಣಿಗೆ, ಬಚ್ಚಲು, ತುಂಬಿದ ಲೋಟ, ನಾಗಂದಿಗೆಯ ಮೇಲಿನ ಡಬ್ಬ, ಬೀದಿಯ ನಡಿಗೆ ಇವುಗಳಲ್ಲಿ ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಒಂದು ಅಂಕ, ನೆರವಾದವರು ಯಾರು ಎಂಬುದು. ಬರೆಯುವ ಕೆಲಸ ಅಂಚಿನ ಸಾಲನ್ನು ಬರೆದ ಸೊಸೆಯವರದಾಗಲಿ. ಉತ್ತರ ಮಾತ್ರ ಅತ್ತೆಯವರದೇ ಆಗಿರಬೇಕು. ಮುಂದಿನ ಸಲ ರಕ್ತಪರೀಕ್ಷೆಯ ಕಾಗದದೊಡನೆ ಆ ಪುಸ್ತಕವನ್ನೂ ವೈದ್ಯರ ಮೇಜಿನ ಮೇಲಿಡಿರಿ.