ಮಾರುತದ ಮೈಗೆ ಕೊನೆಯ ಲೇಪ

ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಪುಟ್ಟ ವಿಮಾನ ಕಟ್ಟುವುದನ್ನು ಕಂಡು ಮನೆಯ ಹಿರಿಯರು ನಗುವುದುಂಟು. ತಿಂಗಳುಗಟ್ಟಲೆ ದುಡಿದ ಮಾದರಿಯು ಕೊನೆಯ ಐದು ನಿಮಿಷಗಳಲ್ಲಿ ಕೆಟ್ಟುಹೋದಾಗ ಮಾತ್ರ ಆ ಮನೆಯಲ್ಲಿ ಯಾರೂ ನಗುವುದಿಲ್ಲ. ಹಾಗೆ ಕೆಡುವುದು ಬಹುಮಟ್ಟಿಗೆ ವಾರ್ನಿಷ್ ಲೇಪಿಸುವಾಗ.

ಕನ್ನಡನಾಡಿನ ಹವ್ಯಾಸಿಗೆ ಒಪ್ಪುವ ವಿಮಾನವೆಂದರೆ ಎಚ್.ಎಫ್.-24 ಮಾರುತ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ರೂಪುಗೊಂಡ ಈ ಜೆಟ್ ವಿಮಾನವನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ಸುರಂಜನ್ ದಾಸ್. 1971ರ ಯುದ್ಧದಲ್ಲಿ ಅದು ಮರುಭೂಮಿಯ ಮೇಲೆ ಹೋರಾಡಿತು. 15.87 ಮೀಟರು ಉದ್ದದ ಆ ಕಾಯವನ್ನು 72ರಲ್ಲಿ ಒಂದು ಪಾಲಿಗೆ ಇಳಿಸಿದರೆ 22 ಸೆಂಟಿಮೀಟರು. ಹೊಸ ಬಣ್ಣದಲ್ಲಿ ಹೊಳೆಯುವಾಗ ಅದು ಬರಿಯ ಆಟಿಕೆ. ಮಸಿ, ಸವೆತ, ಧೂಳುಗಳು ಮೈಗೆ ಹತ್ತಿದ ಮೇಲೆಯೇ ಯುದ್ಧ ಕಂಡ ವಿಮಾನ.

ಮಸಿ ಎಲ್ಲಿ ಹತ್ತುವುದೆಂಬುದನ್ನು ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಲಿಯಬಹುದು. ಹೊಗೆ ಹೊರಬೀಳುವ ಬಾಯಿಯಲ್ಲಿ ಕಪ್ಪು ದಟ್ಟವಾಗಿದ್ದು, ದೂರ ಸರಿದಂತೆ ತೆಳುವಾಗುತ್ತದೆ. ಮಾರುತದ ಫಿರಂಗಿಗಳ ಬಾಯಿಗೂ ಬಾಲದ ಎರಡು ಜೆಟ್ ಕೊಳವೆಗಳಿಗೂ ಅದೇ ನ್ಯಾಯ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾಗಿ, ಈಗ ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇತುಗಳನ್ನು ಕಂಡವರಿಗೆ ಸವೆತದ ಪಾಠ ಬೇಡ. ಕೈ ತಾಗುವೆಡೆ ಬಣ್ಣ ಹೋಗಿ ಲೋಹ ಮಿನುಗುತ್ತದೆ. ಉಳಿದೆಡೆ ಬಣ್ಣ ಹಾಗೆಯೇ ಇರುತ್ತದೆ.

ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಮೊದಲು ಹೊಳಪಿನ ವಾರ್ನಿಷ್ ಬೇಕು. ಅದರ ನುಣುಪಿನ ಮೇಲೆ, ಟರ್ಪೆಂಟೈನಿನಲ್ಲಿ ಕರಗಿಸಿದ ಕಪ್ಪು ತೈಲವರ್ಣವು ತಗಡುಗಳ ಸಂದುಗಳಲ್ಲಿ ತಾನಾಗಿ ಹರಿಯುತ್ತದೆ. ಕೆಳಗಿನ ಬಣ್ಣವೂ ಕರಗದು. ಇದು ಪೂರ್ತಿ ಒಣಗಿದ ಬಳಿಕ ಮಂಕು ವಾರ್ನಿಷ್. ಅದರಲ್ಲಿರುವ ಅತಿಸೂಕ್ಷ್ಮ ಸಿಲಿಕಾ ಕಣಗಳು ಬೆಳಕನ್ನು ಚದುರಿಸಿ ಹೊಳಪನ್ನು ಅಡಗಿಸುತ್ತವೆ. ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸದಿದ್ದರೆ ಅವೇ ಬಿಳಿಯ ಹಿಟ್ಟಿನಂತೆ ಮೈಮೇಲೆ ಕೂರುತ್ತವೆ.

ಹವೆಯ ಲೆಕ್ಕವೂ ಉಂಟು. ಮಳೆಗಾಲದ ಸಂಜೆ, ಅದರಲ್ಲೂ ಹರಿಹರದ ಹೊಳೆದಂಡೆಯ ಮನೆಗಳಲ್ಲಿ, ತುಂತುರು ಡಬ್ಬಿ ಹಿಡಿಯಲೇಬಾರದು. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ. ವಾರ್ನಿಷು ಹಾಲಿನಂತೆ ಬೆಳ್ಳಗಾಗುತ್ತದೆ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನದ್ದು ಬೇರೆಯೇ ತೊಂದರೆ: ಹನಿಗಳು ಮಾದರಿಯನ್ನು ಮುಟ್ಟುವ ಮೊದಲೇ ಒಣಗಿ, ಮೈ ಮರಳುಕಾಗದದಂತೆ ಒರಟಾಗುತ್ತದೆ. ಮಂಜು ಕರಗಿದ ಚಳಿಗಾಲದ ಮುಂಜಾನೆ ಎಲ್ಲಕ್ಕೂ ಲೇಸು. ಸುಮಾರು 25 ಸೆಂಟಿಮೀಟರು ದೂರದಿಂದ, ಕೈ ನಿಲ್ಲಿಸದೆ, ತೆಳುವಾಗಿ ಎರಡು ಸಲ. ಕಿಟಕಿ ತೆರೆದಿರಲಿ, ಮೂಗಿಗೆ ಮುಸುಕಿರಲಿ. ಒಲೆಯ ಹತ್ತಿರ ಮಾತ್ರ ಬೇಡವೇ ಬೇಡ.

ಬೆಳ್ಳಗಾದರೂ ಅಳಬೇಕಾಗಿಲ್ಲ. ಒಣಹವೆಯ ದಿನ ಹೊಳಪಿನ ವಾರ್ನಿಷನ್ನು ಮತ್ತೊಮ್ಮೆ ತೆಳುವಾಗಿ ಹಾಯಿಸಿದರೆ ಮಬ್ಬು ಎಷ್ಟೋ ಸಲ ಕರಗುತ್ತದೆ. ಬಳಿಕ ಮಂಕು ಲೇಪವನ್ನು ಪುನಃ ಕೊಡಬಹುದು.

ಇನ್ನುಳಿದುದು ಚಕ್ರಗಳಿಗೆ ಹಚ್ಚುವ ಮರಳುಬಣ್ಣದ ಪುಡಿ. ವಾರ್ನಿಷ್ ತಾಗಿದೊಡನೆ ಅದು ತೊಯ್ದು, ಮರುಭೂಮಿಯ ಧೂಳು ಹೋಗಿ ಕೆರೆಯ ಕೆಸರಿನಂತೆ ಕಾಣುತ್ತದೆ. ಆದ್ದರಿಂದ ಆ ಪುಡಿಯನ್ನು ಎಲ್ಲ ಲೇಪಗಳೂ ಮುಗಿದ ಮೇಲೆ ಹಚ್ಚಿ, ಹಾಗೆಯೇ ಬಿಡುವುದು ಜಾಣತನ. ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕು; ಹಬ್ಬದ ಮುಂಚೆ ಧೂಳು ಹೊಡೆಯುವವರಿಗೆ, ಈ ಧೂಳು ಬೇಕಾಗಿಯೇ ಇರುವುದೆಂದು ತಿಳಿಸಿರಬೇಕು.