ವೈಕೀಕಿಯ ಅಲೆಗಾರರು

ಶಾಂತಸಾಗರದ ನಡುವಣ ಹವಾಯಿ ದ್ವೀಪಸಮೂಹದಲ್ಲಿ ಒವಾಹು ಎಂಬುದೊಂದು ದ್ವೀಪ. ಅಲ್ಲಿ, ಹೊನೊಲುಲು ನಗರದ ಮಗ್ಗುಲಲ್ಲಿ, ವೈಕೀಕಿ ಎಂಬ ಕಡಲತೀರವುಂಟು. ಬಹುಮಹಡಿಯ ಹೋಟೆಲುಗಳು ಅಲ್ಲಿ ಸಾಲಾಗಿ ನಿಂತಿವೆ. ಅವುಗಳ ಮುಂದೆ, ಉದ್ದನೆಯ ಹಲಗೆಗಳನ್ನು ಹಿಡಿದ ಜನ ಬೆಳಗಿನಿಂದ ಸಂಜೆಯವರೆಗೆ ಅಲೆಗಳಿಗಾಗಿ ಕಾದಿರುತ್ತಾರೆ. ಲೋಕದ ತೀರತೀರಗಳಿಗೂ ಹಬ್ಬಿರುವ ಸರ್ಫಿಂಗ್ ಎಂಬ ಆಟಕ್ಕೆ ಇದೇ ತವರೆಂದು ಹೇಳುವುದುಂಟು. ಆದರೆ ಈ ಆಟದ ಚರಿತ್ರೆಯನ್ನು ವಾಡಿಕೆಯಾಗಿ ಹೇಳಿಕೊಂಡು ಬಂದಿರುವ ರೀತಿ ನನಗೆ ಒಪ್ಪಿಗೆಯಾಗದು.

ವಾಡಿಕೆಯ ಕಥೆ ಹೀಗಿದೆ: ಹಿಂದೆ ಹವಾಯಿಯ ಜನ ಅಲೆಯೇರುತ್ತಿದ್ದರು, 1820ರಲ್ಲಿ ಅಮೆರಿಕದಿಂದ ಬಂದ ಕ್ರೈಸ್ತ ಮಿಷನರಿಗಳು ಅದನ್ನು ನಿಲ್ಲಿಸಿದರು, ಆಟ ಸತ್ತುಹೋಯಿತು, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೊರನಾಡಿನ ಉತ್ಸಾಹಿಗಳು ಬಂದು ಅದಕ್ಕೆ ಮರುಜೀವ ಕೊಟ್ಟರು. ಕೇಳಲು ಸೊಗಸಾದ ಕಥೆ. ಸತ್ತದ್ದನ್ನು ಬದುಕಿಸಿದವನಿಗೆ ಅದರ ಒಡೆತನವೂ ಸಲ್ಲುತ್ತದೆ ಎಂಬ ಭಾವ ಇದರೊಳಗೆ ಅಡಗಿದೆ.

ಹವಾಯಿಯವರು ಈ ಆಟವನ್ನು ಹೆಎ ನಲು ಎಂದು ಕರೆಯುತ್ತಾರೆ. ಅಲೆಯ ಮೇಲೆ ಜಾರುವುದು ಎಂದು ಅದರ ಅರ್ಥ. 1779ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿದ್ದ ಜೇಮ್ಸ್ ಕಿಂಗ್ ಎಂಬ ಅಧಿಕಾರಿ ಇದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಗಂಡಸರೂ ಹೆಂಗಸರೂ, ಅರಸರೂ ಆಳುಗಳೂ ಅಲೆಯೇರುತ್ತಿದ್ದರು. ಜನಸಾಮಾನ್ಯರು ಬಳಸುತ್ತಿದ್ದುದು ಅಲಾಯಾ ಎಂಬ ಚಿಕ್ಕ ಹಲಗೆ. ಒಲೊ ಎಂಬ ಭಾರಿ ಹಲಗೆ ನಾಯಕರದು. ಸುಮಾರು 16 ಅಡಿ ಉದ್ದದ ಒಲೊ ಹಲಗೆಗಳನ್ನು ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿದ್ದಾರೆ. ಒಬ್ಬನಿಂದ ಎತ್ತಲೂ ಕಷ್ಟವಾದ ಆ ಮರದ ದಿಮ್ಮಿಯನ್ನು ಅಲೆಯ ಮೇಲೆ ನಡೆಸಿದವರ ಕೌಶಲವನ್ನು ಊಹಿಸಿಕೊಳ್ಳಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಆಟ ಇಳಿಮುಖವಾದದ್ದು ನಿಜ. ಸಭ್ಯತೆ, ದುಡಿಮೆ, ಧರ್ಮ ಇವು ಬೆಳೆದುದರಿಂದಲೇ ಹಲಗೆಗಳು ಮೂಲೆಗೆ ಸೇರಿದವೆಂದು ಹೈರಮ್ ಬಿಂಗಮ್ ಎಂಬ ಮಿಷನರಿ ಬರೆದಿದ್ದಾನೆ. ನಿಜವಾದ ಕಾರಣ ಇದಕ್ಕಿಂತ ದಾರುಣವಾದುದು. ಹೊರಗಿನಿಂದ ಬಂದ ಸಿಡುಬು, ದಡಾರ ಮೊದಲಾದ ರೋಗಗಳನ್ನು ತಡೆದುಕೊಳ್ಳುವ ಶಕ್ತಿ ಆ ಜನರ ದೇಹಗಳಿಗೆ ಇರಲಿಲ್ಲ. ಕುಕ್ ಬಂದ 1778ರಲ್ಲಿ ಲಕ್ಷಗಟ್ಟಲೆ ಇದ್ದ ಮೂಲನಿವಾಸಿಗಳು 1890ರ ಗಣತಿಯ ವೇಳೆಗೆ, ಮಿಶ್ರ ಸಂತತಿಯವರನ್ನು ಸೇರಿಸಿಕೊಂಡರೂ, 41,000ವನ್ನು ಮುಟ್ಟಲಿಲ್ಲ. ಹಲಗೆ ಹಿಡಿಯಬೇಕಾದ ಕೈಗಳೇ ಮಣ್ಣುಪಾಲಾಗಿರುವಾಗ ಅದನ್ನು ಸಭ್ಯತೆಯ ಫಲವೆಂದು ಬಣ್ಣಿಸುವುದು ಸರಿಯೆ?

ಇಷ್ಟಾದರೂ ಆಟ ಸತ್ತಿರಲಿಲ್ಲ. 1866ರಲ್ಲಿ ಹವಾಯಿಗೆ ಹೋಗಿದ್ದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್, ಅಲ್ಲಿನವರು ಅಲೆಯೇರುವುದನ್ನು ಕಂಡು ತಾನೂ ಪ್ರಯತ್ನಿಸಿದ. ಅವನ ಹಲಗೆ ದಡ ಸೇರಿತು, ಅವನು ಸೇರಲಿಲ್ಲ! 1885ರಲ್ಲಿ ಹವಾಯಿಯ ಮೂವರು ರಾಜಕುಮಾರರು ಕ್ಯಾಲಿಫೋರ್ನಿಯದ ಸಾಂತಾಕ್ರೂಸ್‌ನಲ್ಲಿ ಅಲ್ಲಿನ ಮರದಿಂದಲೇ ಮಾಡಿಸಿದ ಹಲಗೆಗಳ ಮೇಲೆ ಅಲೆಯೇರಿದರು. ಸತ್ತ ಆಟವನ್ನು ಆಡುವವರು ಯಾರು?

1893ರಲ್ಲಿ ಹವಾಯಿಯ ರಾಣಿಯನ್ನು ಪದಚ್ಯುತಗೊಳಿಸಲಾಯಿತು. 1898ರಲ್ಲಿ ಅಮೆರಿಕ ಆ ನಾಡನ್ನು ತನ್ನೊಳಗೆ ಸೇರಿಸಿಕೊಂಡಿತು. ಲೇಖಕ ಜ್ಯಾಕ್ ಲಂಡನ್ 1907ರಲ್ಲಿ ವೈಕೀಕಿಗೆ ಬಂದು ಈ ಆಟವನ್ನು ಹೊಗಳಿ ಬರೆದ. ಮರುವರ್ಷ ಅಲೆಕ್ಸಾಂಡರ್ ಹ್ಯೂಮ್ ಫೋರ್ಡ್ ಎಂಬಾತ ಔಟ್‌ರಿಗರ್ ಕ್ಲಬ್ಬನ್ನು ಸ್ಥಾಪಿಸಿದ. ಆಟಕ್ಕೆ ಲೋಕಪ್ರಸಿದ್ಧಿ ದೊರಕಿಸುವುದರಲ್ಲಿ ಇವರ ಪಾಲು ದೊಡ್ಡದು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಪ್ರಚಾರ ಬೇರೆ, ಪುನರುಜ್ಜೀವನ ಬೇರೆ. ಆ ಕ್ಲಬ್ಬಿನ ಸದಸ್ಯರಲ್ಲಿ ಹೆಚ್ಚಿನವರು ಬಿಳಿಯರೇ ಆಗಿದ್ದರು. ಅದೇ ತೀರದಲ್ಲಿ ಹವಾಯಿಯ ಯುವಕರು ಹುಯಿ ನಲು, ಅಂದರೆ ಅಲೆಯ ಸಂಘ, ಎಂಬ ತಮ್ಮದೇ ಕೂಟವನ್ನು 1911ರಲ್ಲಿ ವಿಧಿವತ್ತಾಗಿ ಕಟ್ಟಿದರು. ಹವಾಯಿಯವರು ಅಲೆಯನ್ನು ಎಂದೂ ಬಿಟ್ಟುಕೊಡಲಿಲ್ಲ ಎಂದು ಅಲ್ಲಿಯವರೇ ಆದ ಇತಿಹಾಸಕಾರ ಐಸಾಯಾ ವಾಕರ್ 2011ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ನನಗೆ ಆ ಮಾತು ಸರಿಯೆನಿಸುತ್ತದೆ.

ಆ ಸಂಘದ ಯುವಕರಲ್ಲಿ ಡ್ಯೂಕ್ ಕಹನಮೊಕು ಒಬ್ಬರು. 1890ರಲ್ಲಿ ಹುಟ್ಟಿದ ಅವರು 1912ರ ಸ್ಟಾಕ್‌ಹೋಮ್ ಮತ್ತು 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗಳಲ್ಲಿ 100 ಮೀಟರ್ ಈಜಿನಲ್ಲಿ ಚಿನ್ನದ ಪದಕ ಗಳಿಸಿದರು. ಸಿಡ್ನಿಯ ಬಳಿ ಹಲಗೆಯೇರಿ ಆಸ್ಟ್ರೇಲಿಯದವರನ್ನು ಬೆರಗುಗೊಳಿಸಿದರು. ಪದಕಗಳಿಗಿಂತ ಹಿರಿದಾದ ಸಂಗತಿಯೊಂದು 1925ರಲ್ಲಿ ಕ್ಯಾಲಿಫೋರ್ನಿಯದ ಕಡಲತೀರವೊಂದರಲ್ಲಿ ನಡೆಯಿತು. ಬಿರುಸಾದ ಅಲೆಗಳಿಗೆ ಸಿಕ್ಕಿ ದೋಣಿಯೊಂದು ಮಗುಚಿದಾಗ ಡ್ಯೂಕ್ ತಮ್ಮ ಹಲಗೆಯೊಡನೆ ಮತ್ತೆ ಮತ್ತೆ ಕಡಲಿಗೆ ಹೋಗಿ ಎಂಟು ಮಂದಿಯನ್ನು ಬದುಕಿಸಿ ತಂದರು. ಆಟದ ಹಲಗೆಯಿಂದ ಜೀವ ಉಳಿಸಬಹುದೆಂಬುದನ್ನು ಕಡಲ ಕಾವಲುಗಾರರು ಆಮೇಲೆ ಕಲಿತುಕೊಂಡರು.

ಅಲೆಗಳು ಉಳಿದವು, ನೆಲ ಉಳಿಯಲಿಲ್ಲ. ವೈಕೀಕಿ ಎಂದರೆ ಚಿಮ್ಮುವ ನೀರು. ಅಲ್ಲಿನ ಜೌಗಿನಲ್ಲಿ ಒಂದು ಕಾಲಕ್ಕೆ ಕೆಸುವಿನ ಗದ್ದೆಗಳೂ ಮೀನುಕೊಳಗಳೂ ಇದ್ದವು. 1920ರ ದಶಕದಲ್ಲಿ ಅಲಾ ವಾಯ್ ಕಾಲುವೆಯನ್ನು ತೋಡಿ ತೊರೆಗಳನ್ನು ತಿರುಗಿಸಿ, ಜೌಗನ್ನು ಹೂಳಿ, ನಿವೇಶನಗಳನ್ನು ಮಾಡಿದರು.

ಯಾರು ಉಳಿಸಿದರೇನು, ಆಟ ಉಳಿಯಿತಲ್ಲ ಎನ್ನುವವರು ಇರಬಹುದು. ನಮ್ಮ ಮೂಲ್ಕಿಯ ಬಳಿಯ ಸಸಿಹಿತ್ಲುವಿನಲ್ಲಿಯೂ 2016ರಲ್ಲಿ ಸರ್ಫಿಂಗ್ ಸ್ಪರ್ಧೆ ನಡೆಯಿತು; ಆಟ ಯಾರೊಬ್ಬರ ಸೊತ್ತೂ ಅಲ್ಲ, ಒಪ್ಪಿದೆ. ಆದರೆ ನಾಡನ್ನು ಕಳೆದುಕೊಂಡ ಜನಕ್ಕೆ ಹೆಸರು ಸಣ್ಣ ವಿಷಯವಲ್ಲ. ಸರ್ಫಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿದ್ದು 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ. ಮಹಿಳೆಯರ ಚಿನ್ನ ಗೆದ್ದ ಕರಿಸಾ ಮೂರ್ ಹೊನೊಲುಲುವಿನ ಮಗಳು. ವೃತ್ತಿಪರ ಸ್ಪರ್ಧೆಗಳಲ್ಲಿ ಅವರು ಹವಾಯಿಯ ಬಾವುಟದಡಿ ಸ್ಪರ್ಧಿಸುತ್ತಿದ್ದರು; ಟೋಕಿಯೊದಲ್ಲಿ ಏರಿದ್ದು ಅಮೆರಿಕದ ಬಾವುಟ.

ಡ್ಯೂಕ್ 1968ರಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ವೈಕೀಕಿಯ ಕಡಲಿನಲ್ಲಿಯೇ ಬಿಟ್ಟರು. 1990ರಲ್ಲಿ ಅದೇ ತೀರದಲ್ಲಿ ಅವರ ಕಂಚಿನ ಪ್ರತಿಮೆ ನಿಂತಿತು. ಅದರ ಮುಖ ಬೀದಿಯ ಕಡೆಗಿದೆ, ಬೆನ್ನು ಕಡಲಿಗಿದೆ. ಚಿತ್ರ ತೆಗೆದುಕೊಳ್ಳುವ ಪ್ರವಾಸಿಗರಿಗೆ ಇದು ಅನುಕೂಲವೇನೋ ಸರಿ. ಆದರೆ ಅಲೆಯನ್ನು ಬಲ್ಲವನು ಕಡಲಿಗೆ ಬೆನ್ನು ಮಾಡಿ ನಿಲ್ಲುವುದಿಲ್ಲವೆಂದು ಸ್ಥಳೀಯರು ಅಂದೇ ಆಕ್ಷೇಪಿಸಿದರು. ನಾನು ಅವರ ಪಕ್ಷ.