ಮಡಿಯ ಲ್ಯಾಬು

ಐದು ವರ್ಷದಲ್ಲಿ 5 ಲಕ್ಷ ಸೈಬರ್ ಭದ್ರತಾ ಪರಿಣತರನ್ನು ಸಿದ್ಧಪಡಿಸುವುದಾಗಿ 2013ರ ರಾಷ್ಟ್ರೀಯ ಸೈಬರ್ ಭದ್ರತಾ ನೀತಿ ಹೇಳಿತ್ತು. ಗಡುವು 2018ಕ್ಕೇ ಮುಗಿಯಿತು. ಸಂಕಲ್ಪಕ್ಕೆ ಈಗ ಕೃತಕ ಬುದ್ಧಿಮತ್ತೆಯೂ ಸೇರಿಕೊಂಡಿದೆ. ಎಂಜಿನಿಯರಿಂಗ್ ಕಾಲೇಜುಗಳು ಕಂಪ್ಯೂಟರ್ ಸೈನ್ಸ್‌ನ ಪಕ್ಕ ಕಂಸ ಹಾಕಿ ‘ಸೈಬರ್ ಸೆಕ್ಯುರಿಟಿ’ ಎಂದೂ ‘ಎಐ–ಎಂಎಲ್’ ಎಂದೂ ಬರೆದದ್ದಾಗಿದೆ. ಸೀಟಿಗೆ ಬರವಿಲ್ಲ.

ಲ್ಯಾಬಿನ ಬಾಗಿಲಿಗೆ ಹೋಗಿ ನೋಡಿ. ಚಪ್ಪಲಿ ಹೊರಗೆ. ಪೆನ್‌ಡ್ರೈವ್ ನಿಷಿದ್ಧ. ಸಿಲಬಸ್ಸಿನ ಪ್ರೋಗ್ರಾಂ ಬಿಟ್ಟು ಬೇರೇನನ್ನೂ ಓಡಿಸುವಂತಿಲ್ಲ. ಔಟ್‌ಪುಟ್ ಬರಲಿ ಬಿಡಲಿ, ರೆಕಾರ್ಡ್ ಬುಕ್ಕಿಗೆ ಅಂಟಿರಬೇಕು. ಯಾವ ಬೀಗ ಹೇಗೆ ಮುರಿಯುತ್ತದೆಂದು ವೈವಾದಲ್ಲಿ ಬಾಯಿಪಾಠ ಒಪ್ಪಿಸಿದರೆ ಸಾಕು. ಆ ಸಿಲಬಸ್ಸಿನ ಪ್ರೋಗ್ರಾಂಗಳನ್ನು ಎಐ ಈಗ ಕ್ಷಣದಲ್ಲಿ ಬರೆದುಕೊಡುತ್ತದೆ. ಮನುಷ್ಯನಿಗೆ ಉಳಿದದ್ದು ಅದನ್ನು ಕೆಣಕಿ ಎಲ್ಲಿ ಎಡವುತ್ತದೆಂದು ನೋಡುವ ಕೆಲಸ. ಕೆಣಕುವುದಕ್ಕೆ ಅಂಕವಿಲ್ಲ.

ಕುತೂಹಲ ತಡೆಯಲಾರದ ಒಬ್ಬಳು ಯಾವುದೋ ಪೋರ್ಟಲ್‌ನ ವಿಳಾಸದಲ್ಲಿ ಕೊನೆಯ ಅಂಕಿಯೊಂದನ್ನು ಬದಲಿಸಿದಳೆನ್ನೋಣ. ಇನ್ನೊಬ್ಬರ ಅಂಕಪಟ್ಟಿ ತೆರೆದುಕೊಂಡಿತು. ನಾಲ್ಕು ವರ್ಷದಲ್ಲಿ ಅವಳು ನಿಜಕ್ಕೂ ಕಲಿತ ಮೊದಲ ಪಾಠ ಅದು. ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಕೇಳುವುದು ಒಂದೇ: ಅನುಮತಿ ಇತ್ತೇ? ಇಲ್ಲವಾದರೆ ಪರಿಹಾರ ತೆರಬೇಕು. ವಂಚನೆಯ ಉದ್ದೇಶವಿತ್ತೆಂದಾದರೆ 66ನೇ ಸೆಕ್ಷನ್: ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಕತಾಳೀಯವೇನೋ, ಅದೇ 5 ಲಕ್ಷ. ಉದ್ದೇಶ ಒಳ್ಳೆಯದಿತ್ತೆಂದು ಅವಳು ಠಾಣೆಯಲ್ಲಿ ಕೂತು ವಿವರಿಸಬೇಕು. ಸದುದ್ದೇಶದ ಸೈಬರ್ ಭದ್ರತಾ ಪರೀಕ್ಷಕರ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂದು ಅಮೆರಿಕದ ನ್ಯಾಯ ಇಲಾಖೆ 2022ರ ಮೇ ತಿಂಗಳಲ್ಲಿ ಲಿಖಿತವಾಗಿಯೇ ಹೇಳಿತು. ನಮ್ಮ ಕಾಯ್ದೆಯಲ್ಲಿ ಅಂಥ ವಿನಾಯಿತಿಯ ಸಾಲಿಲ್ಲ. ದೋಷ ಕಂಡರೆ ತಿಳಿಸಿ ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ ಕರೆಯುತ್ತದೆ. ಕಂಡದ್ದು ಹೇಗೆ ಎಂದು ಕಾಯ್ದೆ ಕೇಳುತ್ತದೆ.

ಇನ್ನೊಂದು ಕೋರ್ಸು ಬೇಡ. ಕಾಲೇಜಿಗೆ ಹತ್ತರಂತೆ, ಹೊರಜಾಲದ ನಂಟಿಲ್ಲದ, ಮುರಿಯಲೆಂದೇ ಇಟ್ಟ ಹಳೆಯ ಕಂಪ್ಯೂಟರ್‌ಗಳು ಸಾಕು. ಕಾಯ್ದೆಗೆ ಒಂದು ವಾಕ್ಯದ ತಿದ್ದುಪಡಿ. ಚಪ್ಪಲಿ ಬೇಕಾದರೆ ಹೊರಗೇ ಇರಲಿ.